ಹರಿಗೋಲು ಸೋರದಂತೆ

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ನೀವು ಹೋಗಿದ್ದರೆ ಅಲ್ಲಿಯ ಪಂಚಲಿಂಗೇಶ್ವರನ ಗುಡಿಯನ್ನು ನೋಡಿಯೇ ಇರುತ್ತೀರಿ. ಒಂದೇ ಸಾಲಿನಲ್ಲಿ ಐದು ಗರ್ಭಗುಡಿಗಳು. ಹೊಯ್ಸಳ ಸೋಮೇಶ್ವರನ ಕಾಲದ, 1238ರ ಸುಮಾರಿನ ಕಟ್ಟಡ. ರೂವಾರಿ ಮಲ್ಲಿತಮ್ಮನ ಹೆಸರು ಅದರೊಡನೆ ಸೇರಿಕೊಂಡಿದೆ. ಎಂಟುನೂರಕ್ಕೆ ಸಮೀಪದಷ್ಟು ಮಳೆಗಾಲಗಳನ್ನು ಆ ಕಲ್ಲು ಕಂಡಿದೆ. ಅದೇ ತಾಲ್ಲೂಕಿನಲ್ಲಿ ಹೇಮಾವತಿ ಹರಿಯುತ್ತಾಳೆ. ಆ ಹೊಳೆಯ ಮೇಲೆ ತೇಲುವ ಹರಿಗೋಲಿಗೆ ಕಲ್ಲಿನ ಆಯುಸ್ಸು ಇಲ್ಲ. ನೋಡಿಕೊಂಡರೆ ಕೆಲವು ವರ್ಷ, ನೋಡಿಕೊಳ್ಳದಿದ್ದರೆ ಒಂದು ಬೇಸಗೆ. ಗುಡಿ ಸೋರಿದರೆ ದೇವರ ತಲೆಯ ಮೇಲೆ ಹನಿ ಬೀಳುತ್ತದೆ. ಹರಿಗೋಲು ಸೋರಿದರೆ ನಾವೇ ಹೊಳೆಗೆ ಬೀಳುತ್ತೇವೆ. ಆದುದರಿಂದ ಈ ಸಲ ಹರಿಗೋಲಿನ ಮಾತು.

ರಜೆಯ ದಿನಗಳಲ್ಲಿ ತಲಕಾಡು, ಹಂಪಿ, ಹೊಗೇನಕಲ್ಲು ಎಂದು ಮಕ್ಕಳುಮರಿಗಳೊಡನೆ ಹೊರಡುವ ಸಂಸಾರಗಳು ಹರಿಗೋಲು ಹತ್ತದೆ ಹಿಂದಿರುಗುವುದು ಅಪರೂಪ. ಒಂದು ಕಾಲಕ್ಕೆ ಅದು ಹೊಳೆ ದಾಟುವ ಅನಿವಾರ್ಯ ಸಾಧನವಾಗಿತ್ತು. ಸೇತುವೆಗಳು ಬಂದ ಮೇಲೆ ಬಹುಮಟ್ಟಿಗೆ ಮೀನುಗಾರನ ಉಪಕರಣವೂ ಪ್ರವಾಸಿಗಳ ವಿನೋದದ ವಾಹನವೂ ಆಗಿ ಉಳಿದಿದೆ. ವಿನೋದಕ್ಕಾಗಿ ಹತ್ತುವವರು ವಾಹನದ ಸ್ಥಿತಿಗತಿಯನ್ನು ವಿಚಾರಿಸುವುದಿಲ್ಲ. ನಾನೂ ವಿಚಾರಿಸಿರಲಿಲ್ಲ.

ಗೋವಿಂದನಹಳ್ಳಿಯ ಗುಡಿಯನ್ನು ನೋಡಿಕೊಂಡು ಹಿಂದಿರುಗುವ ದಾರಿಯಲ್ಲಿ, ಹೇಮಾವತಿಯ ಒಂದು ಕಡವಿನಲ್ಲಿ, ನಾವು ಆರು ಜನ ಹರಿಗೋಲು ಹತ್ತಿದೆವು. ನಡುಹೊಳೆಗೆ ಬರುವಷ್ಟರಲ್ಲಿ ನನ್ನ ಹೆಂಡತಿಯ ಸೀರೆಯ ಅಂಚು ಒದ್ದೆಯಾಗಿತ್ತು. ತಳದಲ್ಲಿ ಹಾಸಿದ್ದ ಹುಲ್ಲಿನ ಕೆಳಗಿನಿಂದ ನೀರು ಮೆಲ್ಲಗೆ ಏರುತ್ತಿತ್ತು. ಮಕ್ಕಳು ಎದ್ದು ನಿಂತರು. ಹುಟ್ಟು ಹಾಕುತ್ತಿದ್ದ ಮುದುಕ ತಲೆಯ ಮೇಲಿನ ಟವಲನ್ನು ಬಿಚ್ಚಿ, ಅದರ ಮೂಲೆಯನ್ನು ಹುರಿ ಮಾಡಿ ಎಲ್ಲಿಯೋ ತುರುಕಿ, ಅದರ ಮೇಲೆ ಹಿಮ್ಮಡಿಯನ್ನು ಊರಿದ. “ನೀರು ವಳೀಕ್ ಬಂದ್ರೆ ಹೆದರ್ಬ್ಯಾಡಿ ಸ್ವಾಮಿ, ನೀವೆಲ್ಲಾ ಒಂದೇ ಕಡೀಕ್ ಬಂದ್ರೆ ಹೆದರ್ಕಳಿ. ಕೂತ್ಕಳಿ” ಎಂದ. ಕುಳಿತೆವು. ದಡ ಸೇರಿದ ಮೇಲೆ ಆತ ಹರಿಗೋಲನ್ನು ಮಗುಚಿ ಹಾಕಿ ನನಗೆ ಸುಮಾರು ಒಂದು ಗಂಟೆ ಪಾಠ ಹೇಳಿದ. ಮುಂದೆ ಬರೆಯುವುದರಲ್ಲಿ ಅರ್ಧ ಆತನದು. ಉಳಿದದ್ದು ಆಮೇಲೆ ನಾನು ಓದಿ, ಕೇಳಿ, ಲೆಕ್ಕಹಾಕಿ ಸೇರಿಸಿಕೊಂಡದ್ದು.

ಹರಿಗೋಲು ಎಂದರೆ ಮೂಲತಃ ಒಂದು ದೊಡ್ಡ ಬುಟ್ಟಿ, ಅದಕ್ಕೊಂದು ತೊಗಲು. ಸೀಳಿದ ಬಿದಿರಿನ ದಬ್ಬೆಗಳನ್ನು ನಡುವಿನಲ್ಲಿ ನಕ್ಷತ್ರದಂತೆ ಒಂದರ ಮೇಲೊಂದು ಹಾಯಿಸಿ, ಅವುಗಳ ತುದಿಗಳನ್ನು ಮೇಲಕ್ಕೆ ಬಗ್ಗಿಸಿ, ಸುತ್ತಲೂ ಹೆಣೆದು, ಅಂಚಿಗೆ ಬಿದಿರಿನ ದಪ್ಪ ಬಳೆಯನ್ನು ಕಟ್ಟುತ್ತಾರೆ. ಹೊರಗಡೆಗೆ ಹಿಂದೆ ದನದ ಅಥವಾ ಎಮ್ಮೆಯ ತೊಗಲನ್ನು ಹೊದಿಸುತ್ತಿದ್ದರು. ಆಮೇಲೆ ಡಾಂಬರು ಬಳಿದ ಕ್ಯಾನ್‌ವಾಸು, ಟಾರ್ಪಾಲು ಬಂದವು. ಈಗ ಗೊಬ್ಬರದ ಚೀಲದಂತಹ ನೇಯ್ದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹೊದಿಕೆ ಬದಲಾಯಿತೇ ಹೊರತು ಉಪಾಯ ಬದಲಾಗಲಿಲ್ಲ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಜನ ಹೊಳೆ ದಾಟುತ್ತಿದ್ದ ಬುಟ್ಟಿಯಂತಹ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರಂತೆ, ಬೇಕಾದರೆ ಕುದುರೆ ಎತ್ತುಗಳೂ. ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುತ್ತವೆಂದು ಆತನಿಗೆ ಸೋಜಿಗ. ಇಂದಿಗೂ ಅದೇ ಸೋಜಿಗಕ್ಕಾಗಿಯೇ ಮಕ್ಕಳು ಹತ್ತುತ್ತಾರಲ್ಲವೆ? ಇರಾಕಿನಲ್ಲಿ ಟೈಗ್ರಿಸ್ ನದಿಯ ಮೇಲೆ ಇದರ ಅಣ್ಣನಂತಹ ದುಂಡು ದೋಣಿಗೆ ಗುಫಾ ಎಂದು ಹೆಸರು. ಅಲ್ಲಿ ನೆಲದಿಂದ ಒಸರುವ ಸಹಜವಾದ ಡಾಂಬರನ್ನು ಬಳಿಯುತ್ತಿದ್ದರು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಟೈವಿ ನದಿಯಲ್ಲಿ ಇದರ ತಮ್ಮನೊಬ್ಬನಿದ್ದಾನೆ. ಒಬ್ಬಿಬ್ಬರಿಗೆ ಮಾತ್ರ ಸಾಕಾಗುವವನು, ಅವನಿಗೂ ಬಟ್ಟೆಯ ಮೇಲೆ ಡಾಂಬರು. ಒಬ್ಬರನ್ನೊಬ್ಬರು ಕಾಣದ ಜನ ಒಂದೇ ತೊಂದರೆಗೆ ಒಂದೇ ಪರಿಹಾರವನ್ನು ಕಂಡುಕೊಂಡಿದ್ದಾರೆ.

ಈ ರಚನೆಯ ಗುಟ್ಟನ್ನು ತಿಳಿದರೆ ಸೋರುವಿಕೆಯ ಗುಟ್ಟೂ ತಿಳಿದಂತೆ. ಭಾರವನ್ನು ಹೊರುವುದು ಬುಟ್ಟಿ. ನೀರನ್ನು ತಡೆಯುವುದು ಹೊದಿಕೆ. ಹೊದಿಕೆಗೆ ಸ್ವಂತ ಬಲವಿಲ್ಲ, ಬುಟ್ಟಿಗೆ ನೀರು ತಡೆಯುವ ಶಕ್ತಿಯಿಲ್ಲ. ಹೊರಗಿನಿಂದ ನೀರು ಒತ್ತಿದಾಗ ಹೊದಿಕೆ ಬುಟ್ಟಿಗೆ ಒರಗಿಕೊಂಡು ನಿಲ್ಲುತ್ತದೆ. ಒರಗಿಕೊಳ್ಳುವ ಜಾಗದಲ್ಲಿ ಒಂದು ದಬ್ಬೆ ಮುರಿದು ಸಿಬಿರೆದ್ದಿದ್ದರೆ ಹೊದಿಕೆ ಅಲ್ಲಿಯೇ ತೂತಾಗುತ್ತದೆ. ಹೊಳೆಯ ಬಂಡೆ ತಾಗಿ ಹರಿಯುವುದೂ ಉಂಟು. ಆದರೆ ಮುದುಕ ನನಗೆ ತೋರಿಸಿದ ಏಳೆಂಟು ತೇಪೆಗಳಲ್ಲಿ ಎರಡೇ ಎರಡು ಬಂಡೆಯವು. ಮಿಕ್ಕವೆಲ್ಲ ಒಳಗಿನಿಂದ ಆದ ಗಾಯಗಳು. ಗಟ್ಟಿ ಹಿಮ್ಮಡಿಯ ಬೂಟು ಹಾಕಿಕೊಂಡು ಹಾರಿ ಇಳಿಯುವವರಿಂದ ದಬ್ಬೆ ಮುರಿಯುತ್ತದೆ. ಕಾಲಿಗಂಟಿ ಬರುವ ಮರಳು ದಬ್ಬೆಗೂ ಹೊದಿಕೆಗೂ ನಡುವೆ ಸೇರಿ, ಹರಿಗೋಲು ಅಲುಗಿದಾಗಲೆಲ್ಲ ಉಪ್ಪುಕಾಗದದಂತೆ ಉಜ್ಜುತ್ತದೆ. ಅಂಬಿಗ ನಿಮಗೆ ಪಾದರಕ್ಷೆ ಬಿಟ್ಟು ಹತ್ತಿ ಎಂದರೆ ಅದು ಗಂಗಮ್ಮನ ಮೇಲಿನ ಭಕ್ತಿಯೊಂದೇ ಎಂದು ತಿಳಿಯಬೇಡಿ.

ಸಣ್ಣ ತೂತಿನಿಂದ ಏನು ಮಹಾ ಬಂದೀತು ಎಂದು ನಮಗೆ ಅನ್ನಿಸುವುದು ಸಹಜ. ಸ್ವಲ್ಪ ಲೆಕ್ಕ ಹಾಕೋಣ. ತಳ 2 ಮೀಟರು ಅಗಲ, ಎಂದರೆ ಸುಮಾರು ಆರೂವರೆ ಅಡಿ ಇರುವ ಹರಿಗೋಲು ಎಂದಿಟ್ಟುಕೊಳ್ಳಿ. ಅದರ ತಳದ ವಿಸ್ತೀರ್ಣ 3 ಚದರ ಮೀಟರಿಗಿಂತ ತುಸು ಹೆಚ್ಚು. ಅದು ಒಂದು ಸೆಂಟಿಮೀಟರು ಮುಳುಗಿದರೆ ಸುಮಾರು 31 ಲೀಟರು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಎಂದರೆ 31 ಕಿಲೋಗ್ರಾಂ ಭಾರವನ್ನು ಹೊರುತ್ತದೆ. ತಲಾ 60 ಕಿಲೋ ತೂಗುವ ಎಂಟು ಜನ ಕುಳಿತರೆ ತಳ ಸುಮಾರು 15 ಸೆಂಟಿಮೀಟರು ಕೆಳಗಿಳಿಯುತ್ತದೆ. ಬುಟ್ಟಿಯ ತೂಕವನ್ನು ಸದ್ಯಕ್ಕೆ ಬಿಡಿ. ಈ ತಳದಲ್ಲಿ ಕಿರುಬೆರಳಿನ ತುದಿಯಷ್ಟು, ಒಂದು ಸೆಂಟಿಮೀಟರು ಅಗಲದ ತೂತು ಬಿದ್ದರೆ ಅಷ್ಟು ಆಳದ ಒತ್ತಡಕ್ಕೆ ನಿಮಿಷಕ್ಕೆ ಐದು ಲೀಟರಿಗೆ ಸ್ವಲ್ಪ ಕಡಿಮೆ ನೀರು ನುಗ್ಗುತ್ತದೆ. ಇಪ್ಪತ್ತು ನಿಮಿಷದ ವಿಹಾರ ಮುಗಿಯುವ ವೇಳೆಗೆ ಸುಮಾರು 95 ಲೀಟರು. ತಳದ ಮೇಲೆ ಅದು ಹರಡಿಕೊಂಡಾಗ ಕಾಣುವುದು ಮೂರೇ ಸೆಂಟಿಮೀಟರು, ಕಾಲ್ಬೆರಳು ನೆನೆಯುವಷ್ಟು. ತೂಕದಲ್ಲಿ ಅದು ಒಂದೂವರೆ ಜನರಿಗಿಂತ ಹೆಚ್ಚು.

ಇನ್ನೊಂದು ಮಾತಿದೆ. ಒಳಗೆ ನೀರು ತುಂಬುತ್ತ ಬಂದಂತೆ ಒಳಗಿನ ನೀರು ಹೊರಗಿನದನ್ನು ತಡೆದು ಸೋರುವುದು ತಾನಾಗಿ ಕಡಿಮೆಯಾದೀತು ಎಂದು ನಾನು ಎಣಿಸಿದ್ದೆ. ಹಾಗಾಗುವುದಿಲ್ಲ. ಒಳಗೆ ಮೂರು ಸೆಂಟಿಮೀಟರು ನೀರು ನಿಂತಾಗ ಅದರ ಭಾರಕ್ಕೆ ಹರಿಗೋಲು ಮತ್ತೆ ಸರಿಸುಮಾರು ಮೂರು ಸೆಂಟಿಮೀಟರು ಇಳಿದಿರುತ್ತದೆ. ಹೊರಗಿಗೂ ಒಳಗಿಗೂ ಇರುವ ಅಂತರ ಮೊದಲಿನಷ್ಟೇ ಉಳಿಯುತ್ತದೆ. ನೀರು ಮೊದಲಿನ ವೇಗದಲ್ಲಿಯೇ ಬರುತ್ತಿರುತ್ತದೆ. ನೀರನ್ನು ಮೊಗೆದು ಚೆಲ್ಲಲು ಒಂದು ತಗಡಿನ ಡಬ್ಬಿಯೋ ಚೊಂಬೋ ಇಲ್ಲದ ಹರಿಗೋಲನ್ನು ನಾನು ಈಗ ಹತ್ತುವುದಿಲ್ಲ.

ತೂಕಕ್ಕಿಂತಲೂ ಕೆಟ್ಟದ್ದು ಈ ನೀರಿನ ಚಾಂಚಲ್ಯ. ಮನುಷ್ಯರನ್ನು ಕೂತಲ್ಲಿಯೇ ಕೂತಿರಿ ಎನ್ನಬಹುದು, ನೀರಿಗೆ ಹೇಳಲಾಗದು. ಹರಿಗೋಲು ಎಡಕ್ಕೆ ಸ್ವಲ್ಪ ವಾಲಿದರೆ ಒಳಗಿನ ನೀರೆಲ್ಲ ಎಡಕ್ಕೇ ಓಡುತ್ತದೆ, ಇನ್ನಷ್ಟು ವಾಲಿಸುತ್ತದೆ. ಅದೇ ಹೊತ್ತಿಗೆ ಗಾಬರಿಯಾದ ನಾಲ್ಕು ಜನ ಎದ್ದು ಒಂದು ಕಡೆಗೆ ಬಂದರೆ ಮುಗಿಯಿತು. ಮುದುಕ ಹೇಳಿದ ಮಾತಿನ ಅರ್ಥ ನನಗೆ ಆ ಲೆಕ್ಕ ಹಾಕಿದ ಮೇಲೆ ಆಯಿತು. ಹೊಳೆ ಹರಿಗೋಲನ್ನು ಮುಳುಗಿಸುವುದಕ್ಕಿಂತ ಮುಂಚೆ ಒಳಗಿನವರು ಅದನ್ನು ಮಗುಚುತ್ತಾರೆ.

ಇನ್ನು ಸೋರುವುದನ್ನು ಕಂಡುಹಿಡಿಯುವ ಬಗೆ. ಮುದುಕನ ವಿಧಾನ ಬಹಳ ಸರಳವಾದುದು. ಹರಿಗೋಲನ್ನು ಮಗುಚಿ ತಲೆಯ ಮೇಲೆ ಹೊತ್ತು ಬಿಸಿಲಿನಲ್ಲಿ ನಿಲ್ಲುವುದು. ಒಳಗೆ ಕತ್ತಲು, ಎಲ್ಲಿ ತೂತಿದೆಯೋ ಅಲ್ಲಿ ಬೆಳಕಿನ ಚುಕ್ಕಿ. ನನ್ನನ್ನೂ ಒಳಗೆ ಕರೆದು ನಿಲ್ಲಿಸಿಕೊಂಡು ತೋರಿಸಿದ. ಅಮಾವಾಸ್ಯೆಯ ಆಕಾಶದಂತೆ ನಾಲ್ಕೈದು ಚುಕ್ಕಿಗಳು ಕಂಡವು. ನಾನು ಬಹಳ ಚೆನ್ನಾಗಿದೆ ಎಂದೆ, ಆತ ನಗಲಿಲ್ಲ. ಓರೆಯಾಗಿ ಸೀಳಿದ ಬಿರುಕು ಹೀಗೆ ಕಾಣುವುದಿಲ್ಲ. ಅದಕ್ಕೆ ಹರಿಗೋಲನ್ನು ನಾಲ್ಕು ಕಲ್ಲುಗಳ ಮೇಲೆ ನೆಟ್ಟಗೆ ಕೂರಿಸಿ ಒಳಗೆ ಎರಡು ಕೊಡ ನೀರು ಹುಯ್ದು ಕಾಯಬೇಕು. ಹೊರಗೆ ಎಲ್ಲಿ ತೊಟ್ಟಿಕ್ಕುವುದೋ ಅಲ್ಲಿ ಸುಣ್ಣದ ಕಡ್ಡಿಯಿಂದ ಗುರುತು. ತೊಟ್ಟಿಕ್ಕಿದ ಜಾಗವೇ ತೂತಿನ ಜಾಗವೆಂದು ಕೂಡಲೇ ನಂಬಬಾರದು. ಎರಡು ಪದರದ ಹೊದಿಕೆಯಾದರೆ ನೀರು ಒಂದು ಕಡೆ ಹೊಕ್ಕು ಗೇಣುದ್ದ ಹರಿದು ಇನ್ನೊಂದು ಕಡೆ ಇಣುಕುತ್ತದೆ. ಮನೆಯ ಹೆಂಚು ಸೋರಿದಾಗಲೂ ಇದೇ ಅನುಭವ. ಹನಿ ಬೀಳುವುದು ಅಡುಗೆಮನೆಯಲ್ಲಿ, ಒಡೆದ ಹೆಂಚು ಇರುವುದು ಹಜಾರದ ಮೇಲೆ.

ತೇಪೆಯನ್ನು ಎಲ್ಲಿ ಹಚ್ಚಬೇಕು? ಒಳಗೋ, ಹೊರಗೋ? ಒಳಗೆ ಹಚ್ಚುವುದು ಸುಲಭ, ಕಾಣುವುದಿಲ್ಲ ಕೂಡ. ಆದರೆ ಒಳಗಿನ ತೇಪೆಯನ್ನು ಹೊರಗಿನ ನೀರು ತೂತಿನ ಮೂಲಕ ಒತ್ತಿ ಒತ್ತಿ ಕಿತ್ತುಹಾಕುತ್ತದೆ. ಹೊರಗಿನ ತೇಪೆಯನ್ನಾದರೋ ಅದೇ ನೀರು ಮೈಗೆ ಒತ್ತಿ ಹಿಡಿಯುತ್ತದೆ. ಶತ್ರುವಿನ ಬಲವನ್ನೇ ನಮ್ಮ ಕಡೆಗೆ ತಿರುಗಿಸಿಕೊಂಡಂತೆ. ನಡುಹೊಳೆಯಲ್ಲಿ ಟವಲು ತುರುಕುವುದು ದಡ ಸೇರುವ ತನಕದ ಉಪಾಯ, ಅದು ದುರಸ್ತಿಯಲ್ಲ.

ತೇಪೆಗೆ ಮುಂಚೆ ಒಳಗಿನ ಮುರಿದ ದಬ್ಬೆಯನ್ನು ಸರಿಮಾಡಬೇಕು. ಸಿಬಿರನ್ನು ಕತ್ತರಿಸಿ, ನಯಮಾಡಿ, ಪಕ್ಕದಲ್ಲಿ ಹೊಸ ದಬ್ಬೆಯನ್ನು ಹೆಣೆದು ಸೇರಿಸಬೇಕು. ಇದನ್ನು ಬಿಟ್ಟು ತೇಪೆ ಹಾಕಿದವನು ವಾರದೊಳಗೆ ಮತ್ತೆ ಡಾಂಬರು ಕಾಯಿಸುತ್ತಾನೆ. ಆಮೇಲೆ ಹರಿಗೋಲು ಚೆನ್ನಾಗಿ ಒಣಗಬೇಕು. ಒಂದು ದಿನ ಸಾಲದು, ಎರಡು ದಿನವಾದರೂ ಬೇಕು. ಡಾಂಬರಿಗೂ ನೀರಿಗೂ ಆಗದು. ಆಗದಿರುವುದರಿಂದಲೇ ಅದು ನೀರನ್ನು ತಡೆಯುತ್ತದೆ, ಆಗದಿರುವುದರಿಂದಲೇ ಒದ್ದೆಯ ಮೇಲೆ ಅಂಟುವುದಿಲ್ಲ. ಧೂಳು, ಮರಳು, ಪಾಚಿಗಳನ್ನು ಉಜ್ಜಿ ತೆಗೆಯಬೇಕು. ತೇಪೆಯ ಬಟ್ಟೆ ತೂತಿಗಿಂತ ಎಲ್ಲ ಕಡೆಗೂ ನಾಲ್ಕು ಬೆರಳು ಹೆಚ್ಚಿರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿರಲಿ. ಚೂಪಾದ ಮೂಲೆ ಮರಳಿಗೆ ಸಿಕ್ಕಿ ಮೊದಲು ಏಳುತ್ತದೆ; ಒಂದು ಮೂಲೆ ಎದ್ದರೆ ಉಳಿದದ್ದನ್ನು ಹೊಳೆಯೇ ಸುಲಿದುಕೊಳ್ಳುತ್ತದೆ. ತೆಳುವಾಗಿ ಒಂದು ಕೈ ಡಾಂಬರು ಬಳಿದು, ಬಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿಯನ್ನು ಹೊರಡಿಸಿ, ಮೇಲೆ ಇನ್ನೊಂದು ಕೈ ಬಳಿಯುವುದು. ದಪ್ಪವಾಗಿ ಮೆತ್ತಿದರೆ ಗಟ್ಟಿಯಾದೀತು ಎಂಬುದು ತಪ್ಪು ತಿಳಿವಳಿಕೆ. ದಪ್ಪ ಡಾಂಬರು ಬಿಸಿಲಿಗೆ ಜಾರುತ್ತದೆ, ಚಳಿಗೆ ಬಿರಿಯುತ್ತದೆ.

ಡಾಂಬರು ಕಾಯಿಸುವಾಗ ಒಂದು ಎಚ್ಚರಿಕೆ. ಪಾತ್ರೆಯಲ್ಲಿ ನೀರಿನ ಪಸೆ ಇದ್ದರೆ ಕಾದ ಡಾಂಬರು ಹಾಲಿನಂತೆ ಉಕ್ಕಿ ಬೆಂಕಿಗೆ ಬೀಳುತ್ತದೆ. ಉರಿ ಹತ್ತಿದರೆ ನೀರು ಹುಯ್ಯಬಾರದು, ಮರಳು ಚೆಲ್ಲಬೇಕು ಅಥವಾ ಮುಚ್ಚಳ ಹಾಕಬೇಕು. ತೆಳುವಾಗಲೆಂದು ಸೀಮೆಎಣ್ಣೆಯನ್ನು ಒಲೆಯ ಬಳಿಯೇ ಬೆರೆಸುವವರನ್ನು ಕಂಡಿದ್ದೇನೆ. ಅವರ ಹತ್ತಿರ ನಿಲ್ಲದಿರುವುದು ಮೇಲು.

ಬಿದಿರಿನದು ಬೇರೆಯೇ ಕಥೆ. ಹಸಿ ಬಿದಿರಿನಲ್ಲಿ ಪಿಷ್ಟವಿದೆ, ನಮ್ಮ ಗಂಜಿಯಲ್ಲಿರುವಂತಹುದೇ. ಬಿದಿರನ್ನು ಕೊರೆದು ಹಿಟ್ಟು ಮಾಡುವ ಹುಳುವಿಗೆ ಬೇಕಾದುದು ಅದು. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿ ಇಟ್ಟು ಆಮೇಲೆ ನೆರಳಿನಲ್ಲಿ ಒಣಗಿಸುವ ಹಳೆಯ ಪದ್ಧತಿಯಿಂದ ಪಿಷ್ಟ ಬಹುಮಟ್ಟಿಗೆ ಕರಗಿ ಹೋಗುತ್ತದೆ, ಹುಳುವಿಗೆ ಊಟ ತಪ್ಪುತ್ತದೆ. ಹರಿಗೋಲಿನ ತಳದಲ್ಲಿ ಹಳದಿ ಹಿಟ್ಟು ಉದುರಿರುವುದನ್ನು ನೀವು ಕಂಡರೆ ಅದು ಹೊಸ ಹೊದಿಕೆ ಹೊದ್ದ ಹಳೆಯ ರೋಗಿ ಎಂದು ತಿಳಿಯಬಹುದು. ಹೊಳೆಯುವ ಕಪ್ಪು ಡಾಂಬರು ಯಾವ ಭರವಸೆಯನ್ನೂ ಕೊಡುವುದಿಲ್ಲ; ಒಳಗಿನ ದಬ್ಬೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿಗಿಯಾಗಿ ಮರಳಿದರೆ ಸರಿ, ಕರಕರ ಎಂದರೆ ಬೇರೆ ಹರಿಗೋಲನ್ನು ಕರೆಯಿರಿ.

ಬಿಸಿಲು ಹೊಸ ಕಾಲದ ಹರಿಗೋಲಿಗೆ ದೊಡ್ಡ ಶತ್ರು. ತೊಗಲಿನ ಕಾಲದಲ್ಲಿ ಭಯ ಎರಡು ಕಡೆಯಿಂದಲೂ ಇತ್ತು: ಸದಾ ನೀರಿನಲ್ಲಿದ್ದರೆ ಕೊಳೆಯುತ್ತಿತ್ತು, ಸದಾ ಬಿಸಿಲಿನಲ್ಲಿದ್ದರೆ ಒಣಗಿ ಸೀಳುತ್ತಿತ್ತು. ಪ್ಲಾಸ್ಟಿಕ್ ಕೊಳೆಯುವುದಿಲ್ಲವಾದ್ದರಿಂದ ಅದಕ್ಕೆ ಏನೂ ಆಗದೆಂದು ಜನ ನಂಬಿದ್ದಾರೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಅದರ ಎಳೆಗಳನ್ನು ಒಳಗೊಳಗೇ ಕಡಿದು ಹಾಕುತ್ತವೆ. ಮನೆಯ ತಾರಸಿಯ ಮೇಲೆ ಎರಡು ಬೇಸಗೆ ಬಿದ್ದಿದ್ದ ಪ್ಲಾಸ್ಟಿಕ್ ಚೀಲವನ್ನು ಎತ್ತಲು ಹೋದರೆ ಅದು ಕೈಯಲ್ಲಿ ಪುಡಿಯಾಗುವುದನ್ನು ನೀವೇ ನೋಡಿರಬಹುದು. ಡಾಂಬರಿನ ಲೇಪ ಇಲ್ಲಿ ಎರಡು ಕೆಲಸ ಮಾಡುತ್ತದೆ. ನೀರನ್ನೂ ತಡೆಯುತ್ತದೆ, ಕೊಡೆಯಂತೆ ಬಿಸಿಲನ್ನೂ ತಡೆಯುತ್ತದೆ. ಲೇಪ ಬೂದುಬಣ್ಣಕ್ಕೆ ತಿರುಗಿ ಮೊಸಳೆಯ ಬೆನ್ನಿನಂತೆ ಬಿರುಕು ಬಿಟ್ಟಿತೆಂದರೆ ಕೊಡೆ ಹರಿದಿದೆ ಎಂದು ಅರ್ಥ.

ಇತ್ತೀಚೆಗೆ ಚಕ್ರದ ಮೇಲೆ ಮನೆಯನ್ನೇ ಕಟ್ಟಿಕೊಂಡು, ಹಾಸಿಗೆ ಒಲೆಗಳೊಡನೆ ಊರೂರು ತಿರುಗುವ ಕಾರವಾನ್ ವಾಹನಗಳೂ ನಮ್ಮ ರಸ್ತೆಗಳಿಗೆ ಬಂದಿವೆ. ಒಬ್ಬ ಸ್ನೇಹಿತರು ಅಂತಹ ಒಂದರಲ್ಲಿ ಮಡಿಕೇರಿಗೆ ಹೋಗಿ ಮಳೆಯಲ್ಲಿ ಹಾಸಿಗೆ ನೆನೆಸಿಕೊಂಡು ಬಂದರು. ತಗಡು ಸೋರಿರಲಿಲ್ಲ, ತಗಡಿಗೂ ಕಿಟಕಿಗೂ ನಡುವಿನ ಅಂಟು ಒಣಗಿ ಬಿರುಕು ಬಿಟ್ಟಿತ್ತು. ರಸ್ತೆಯ ಕುಲುಕಾಟಕ್ಕೆ ಸೇರುವೆಗಳು ಅಲುಗುತ್ತವೆ, ಬಿಸಿಲಿಗೆ ಅಂಟು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಅಲುಗಲಾರದೆ ಬಿರಿಯುತ್ತದೆ. ಅದಕ್ಕೂ ಮದ್ದು ಹರಿಗೋಲಿನದೇ: ಹಳೆಯ ಅಂಟಿನ ಮೇಲೆ ಹೊಸ ಅಂಟನ್ನು ಮೆತ್ತದೆ, ಹಳೆಯದನ್ನು ಕೆರೆದು, ಒರೆಸಿ, ಒಣಗಿಸಿ, ಮಳೆ ಬರುವ ಹೊರಮುಖದಿಂದ ಮುಚ್ಚುವುದು. ಮಳೆಗಾಲಕ್ಕೆ ಮುಂಚೆ ಒಂದು ಸಲ ಮೇಲಿನಿಂದ ಕೊಡ ನೀರು ಹುಯ್ದು, ಒಳಗೊಬ್ಬರನ್ನು ಕೂರಿಸಿ ನೋಡಿದರೆ ಹಾಸಿಗೆ ಉಳಿದೀತು.

ಹರಿಗೋಲಿಗೆ ಹಿಂದಿರುಗೋಣ. ಸಂಜೆಯ ವಾರ್ತೆಯಲ್ಲಿ ಜಲಾಶಯಗಳ ನೀರಿನ ಮಟ್ಟವನ್ನು ಹೇಳುವಾಗ ನಾವು ಬೆಳೆಯ ಚಿಂತೆಯಿಂದ ಕಿವಿಗೊಡುತ್ತೇವೆ. ವಿಹಾರಕ್ಕೆ ಹೊರಟವರೂ ಕಿವಿಗೊಡುವುದು ಒಳ್ಳೆಯದು. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಅದರ ಸಮೀಪಕ್ಕೆ ನೀರು ಬಂದು, ಒಳಹರಿವು ಜೋರಾಗಿದೆ ಎಂದರೆ ಕೆಳಗಿನ ಶ್ರೀರಂಗಪಟ್ಟಣದ ಕಡೆಯ ಹೊಳೆ ಯಾವ ಗಳಿಗೆಯಲ್ಲಾದರೂ ಏರಬಹುದು. ರಂಗನತಿಟ್ಟಿನಲ್ಲಿ ಹಕ್ಕಿ ತೋರಿಸುವ ದೋಣಿಗಳನ್ನು ಕೂಡ ಅಂತಹ ದಿನಗಳಲ್ಲಿ ನಿಲ್ಲಿಸುತ್ತಾರೆ. ಹೊಸ ಹೊದಿಕೆಯ, ಒಂದು ತೂತೂ ಇಲ್ಲದ ಹರಿಗೋಲಾದರೂ ಕೆಂಪು ನೀರಿನಲ್ಲಿ ಅದು ಬರಿಯ ಬುಟ್ಟಿ. ತೇಲುವ ಅಂಗಿಯನ್ನು ಕೊಡದ ಕಡೆ ಹತ್ತಬೇಡಿ. ಕೊಟ್ಟರೆ ಅದನ್ನು ಮಡಿಲಲ್ಲಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳಬೇಡಿ, ತೊಟ್ಟು ಗುಂಡಿ ಹಾಕಿಕೊಳ್ಳಿ. ಎಂಟು ಜನರ ಹರಿಗೋಲಿಗೆ ಹತ್ತನೆಯವರಾಗಿ ಹತ್ತುವ ದಾಕ್ಷಿಣ್ಯವೂ ಬೇಡ. ಅಂಬಿಗನಿಗೆ ಎರಡು ಟಿಕೆಟ್ಟಿನ ಹಣ ಹೆಚ್ಚು ಸಿಗಲೆಂಬ ಆಸೆ ಇರುವುದು ಸಹಜ. ಆತನ ಬದುಕೂ ಆ ಬುಟ್ಟಿಯಲ್ಲಿಯೇ ಇದೆ. ಆ ಇಬ್ಬರ ಹಣವನ್ನು ನೀವೇ ಕೊಟ್ಟು ಎಂಟೇ ಜನ ಕುಳಿತರೆ ಇಬ್ಬರಿಗೂ ನಷ್ಟವಿಲ್ಲ.

ಹೊರಡುವಾಗ ನಾನು ಮುದುಕನನ್ನು ಹರಿಗೋಲು ಎಷ್ಟು ವರ್ಷ ಬರುತ್ತದೆ ಎಂದು ಕೇಳಿದೆ. “ಹೊಳೇಲಿ ಹಾಳಾಗಕಿಲ್ಲ ಸ್ವಾಮಿ, ದಡದಲ್ಲೇ ಹಾಳಾಗಾದು” ಎಂದ. ನೀರಿನಿಂದ ಎಳೆದುಕೊಂಡು ಬರುವಾಗ ಮರಳಿನ ಮೇಲೆ ತಳ ಸವೆಯುತ್ತದೆ. ಆದ್ದರಿಂದ ಎಳೆಯಬಾರದು, ಎತ್ತಿ ತಲೆಯ ಮೇಲೆ ಹೊರಬೇಕು. ಹಾಗೆಯೇ ನೆಲಕ್ಕೆ ಒರಗಿಸಿಟ್ಟರೆ ಅಂಚಿನ ಬಳೆಗೆ ಗೆದ್ದಲು ಹತ್ತುತ್ತದೆ. ಆತ ಮೂರು ಕಲ್ಲುಗಳನ್ನು ಹುಣಿಸೆಮರದ ನೆರಳಿನಲ್ಲಿ ಇಟ್ಟು, ಅವುಗಳ ಸುತ್ತ ಒಲೆಯ ಬೂದಿಯನ್ನು ಉದುರಿಸಿ, ಹರಿಗೋಲನ್ನು ಗಾಳಿಯಾಡುವಂತೆ ಅವುಗಳ ಮೇಲೆ ಮಗುಚಿದ. ಟವಲನ್ನು ಹಿಂಡಿ ಅದರ ಬೆನ್ನಿನ ಮೇಲೆ ಹರಡಿದ, ಮೂಲೆಯಲ್ಲಿ ಡಾಂಬರಿನ ಕಪ್ಪು ಹಾಗೆಯೇ ಉಳಿದಿತ್ತು.